ಕೂಸು ಬಡವಾಗುವ ಬಗೆ

ಗಂಡಹೆಂಡಿರ ಜಗಳವನ್ನು ಕುರಿತು ನಮ್ಮಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದೊಂದು. ‘ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬುದಿನ್ನೊಂದು. ಎರಡೂ ಒಂದೇ ಮನೆಯನ್ನು ಕಂಡು ಹುಟ್ಟಿದ ಮಾತುಗಳು. ಮೊದಲನೆಯದು ಗಂಡಹೆಂಡಿರನ್ನು ಮಾತ್ರ ನೋಡಿತು. ಎರಡನೆಯದು ಅವರ ನಡುವೆ ಇದ್ದ ಮಗುವನ್ನೂ ನೋಡಿತು. ಮೊದಲನೆಯದನ್ನು ನಾವು ಇಂದಿಗೂ ಅದರ ನೇರವಾದ ಅರ್ಥದಲ್ಲಿಯೇ ಬಳಸುತ್ತೇವೆ. ನೆರೆಮನೆಯಲ್ಲಿ ಹೆಂಗಸೊಬ್ಬಳು ಪೆಟ್ಟು ತಿನ್ನುತ್ತಿರುವಾಗಲೂ ಅದನ್ನು ಹೇಳಿ ಕದ ಮುಚ್ಚಿಕೊಳ್ಳುತ್ತೇವೆ. ಎರಡನೆಯದನ್ನಾದರೋ ರಾಜಕೀಯ ಪಕ್ಷಗಳ ಕಿತ್ತಾಟಕ್ಕೆ, ಸರಕಾರಿ ಇಲಾಖೆಗಳ ಹಗ್ಗಜಗ್ಗಾಟಕ್ಕೆ ಅನ್ವಯಿಸಿ, ಅದರ ಮೂಲಾರ್ಥವನ್ನೇ ಮರೆತುಬಿಟ್ಟಿದ್ದೇವೆ. ಆ ಮೂಲಾರ್ಥವನ್ನು ಮತ್ತೆ ನೆನೆಯಬೇಕಾದ ಕಾಲ ಈಗ ಬಂದಿದೆ ಎಂದು ನನಗೆ ತೋರುತ್ತದೆ.

ಮಕ್ಕಳ ಮನಸ್ಸಿನ ಆರೋಗ್ಯವೆಂಬುದು ಇಂದು ದೇಶದ ಅತ್ಯುಚ್ಚ ನ್ಯಾಯಪೀಠದವರೆಗೂ ಹೋಗಿರುವ ಪ್ರಶ್ನೆ. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತರಬೇತಿ ಪಡೆಯುತ್ತಿದ್ದ ಬಾಲಕಿಯೊಬ್ಬಳು 2023ರಲ್ಲಿ ಅಕಾಲ ಮರಣವನ್ನಪ್ಪಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ತೀರ್ಪಿತ್ತು, ವಿದ್ಯಾಸಂಸ್ಥೆಗಳು ಪಾಲಿಸತಕ್ಕ ಹದಿನೈದು ನಿರ್ದೇಶನಗಳನ್ನು ವಿಧಿಸಿತು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹನಾದ ಆಪ್ತಸಲಹೆಗಾರನಿರಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ತಂಡತಂಡವಾಗಿ ಬೇರ್ಪಡಿಸಬಾರದು. ಎಲ್ಲರೆದುರಿಗೆ ಅವಮಾನಿಸಬಾರದು ಎಂಬುವು ಅವುಗಳಲ್ಲಿ ಮುಖ್ಯವಾದವು. ನಮ್ಮ ರಾಜ್ಯದಲ್ಲಿಯೂ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ದೊರೆಯಿತು. ಇವೆಲ್ಲ ಸ್ವಾಗತಾರ್ಹವಾದ ಕ್ರಮಗಳೇ. ಆದರೆ ಇವೆಲ್ಲವೂ ಶಾಲೆಯ ಅಂಗಳದಲ್ಲಿಯೇ ನಿಂತುಬಿಡುತ್ತವೆ. ಮಗು ಶಾಲೆಯಿಂದ ಹೊರಟು ಮನೆಯ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆಂಬುದನ್ನು ಯಾವ ನ್ಯಾಯಾಲಯವೂ ದಿನದಿನವೂ ಕಾಣಲಾರದು.

ಒಂದು ಕಾಲಮಿನ ಲೆಕ್ಕ

ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ಅದೇ ವರ್ಷ ಪರೀಕ್ಷೆಯಲ್ಲಿ ಅನುತ್ತೀರ್ಣರಾದುದೇ ಕಾರಣವೆಂದು ನಮೂದಾದ ಆತ್ಮಹತ್ಯೆಗಳು 2,248. ಫಲಿತಾಂಶದ ದಿನಗಳಲ್ಲಿ ನಾವು ಕೇಳುವ ಮಾತುಗಳನ್ನು ನೋಡಿದರೆ ಎಳೆಯರ ಸಂಕಟವೆಲ್ಲವೂ ಪರೀಕ್ಷೆಯೊಂದರಿಂದಲೇ ಹುಟ್ಟುತ್ತದೆಂಬ ಭಾವನೆ ಬರುವುದು ಸಹಜ. ಆದರೆ ಹದಿನೆಂಟು ತುಂಬದವರ ವಿಚಾರದಲ್ಲಿ ಅದೇ ವರದಿಯು ಮೊದಲ ಸ್ಥಾನದಲ್ಲಿ ಹೇಳುವ ಕಾರಣವು ಪರೀಕ್ಷೆಯಲ್ಲ, ‘ಕೌಟುಂಬಿಕ ಸಮಸ್ಯೆ’.

ಈ ಲೆಕ್ಕದಲ್ಲಿಯೂ ಒಂದು ತೊಡಕುಂಟು. ಪೊಲೀಸರ ನಮೂನೆಯಲ್ಲಿ ಒಂದು ಸಾವಿಗೆ ಒಂದು ಕಾರಣದ ಕಾಲಮು. ಬದುಕಿನಲ್ಲಿಯಾದರೋ ಹಾಗೆ ಒಂದೊಂದೇ ಕಾರಣ ಬಿಡಿಬಿಡಿಯಾಗಿ ಬರುವುದಿಲ್ಲ. ಪರೀಕ್ಷೆಯಲ್ಲಿ ಬಿದ್ದ ಹುಡುಗನ ಹಿಂದೆ ಸಾಲ ಮಾಡಿ ಶುಲ್ಕ ಕಟ್ಟಿದ ತಂದೆ ಇರುತ್ತಾನೆ. ಆ ಸಾಲದ ಹಿಂದೆ ಬತ್ತಿದ ಕೊಳವೆಬಾವಿ ಇರುತ್ತದೆ. ಅದರ ಬೇಗೆಯಲ್ಲಿ ಮನೆಯೊಳಗೆ ಬಾಯಿಮಾತು ಬಿರುಸಾಗಿರುತ್ತದೆ. ಪೊಲೀಸರ ನಮೂನೆಗಿರುವ ದೋಷವೇ ನಮ್ಮ ಸಾರ್ವಜನಿಕ ಚರ್ಚೆಗೂ ಇದೆ. ಶಾಲೆಗಳ ಪೋಷಕರ ಸಭೆಯಲ್ಲಿ, ದೂರದರ್ಶನದ ಚರ್ಚೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಮೂವರು ಆಪಾದಿತರು ಯಾವಾಗಲೂ ಸಿದ್ಧರಾಗಿ ನಿಂತಿರುತ್ತಾರೆ: ಕೈಯಲ್ಲಿರುವ ಮೊಬೈಲು, ನೌಕರಿಗೆ ಹೋಗುವ ತಾಯಿ, ಹಠಮಾರಿಯಾದ ಮಗು. ಮೂವರಲ್ಲಿ ಒಬ್ಬರಿಗೆ ಶಿಕ್ಷೆ ವಿಧಿಸಿದರೆ ವಿಚಾರಣೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥ ಚಿಕಿತ್ಸೆಯನ್ನು ಕಂಡೇ ಹುಟ್ಟಿರಬೇಕು.

ಈ ವಿಷಯದಲ್ಲಿ ಶಾಸ್ತ್ರೀಯವಾಗಿ ನಡೆದ ಅಧ್ಯಯನವೊಂದು ನಮ್ಮ ಬಳಿಯಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು ಹಾಗೂ ಸುತ್ತಣ ಹಳ್ಳಿಗಳಲ್ಲಿ ಹದಿನಾರು ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ, 2005ರಲ್ಲಿ ವರದಿಯನ್ನು ಪ್ರಕಟಿಸಿದರು. ನೂರಕ್ಕೆ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತು. ಅವುಗಳಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಉಗ್ಗು, ಅಕಾರಣವಾದ ಭಯ, ಒಂದೆಡೆ ನಿಲ್ಲಲಾರದ ಅತಿ ಚಟುವಟಿಕೆ ಮುಂತಾದುವು ಸೇರಿದ್ದುವು.

ಆ ವರದಿಯ ಮೂರು ಅಂಶಗಳನ್ನು ವಾಚಕರು ಗಮನಿಸಬೇಕೆಂದು ನನ್ನ ಕೋರಿಕೆ. ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ, ಈ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದುದರಿಂದ ಇದು ಪೇಟೆಯ ಶ್ರೀಮಂತರ ಖಾಯಿಲೆಯೆಂದಾಗಲಿ, ಬಡವರ ಪಾಡೆಂದಾಗಲಿ ಯಾರೂ ದೂರ ಸರಿಯುವಂತಿಲ್ಲ. ಎರಡನೆಯದಾಗಿ, ಮಗುವಿನ ತೊಂದರೆಯೊಡನೆ ಎದ್ದುಕಾಣುವಂತೆ ತಳಕುಹಾಕಿಕೊಂಡಿದ್ದ ಸಂಗತಿಗಳು ಎರಡು: ಮಗುವಿಗೆ ಬೀಳುವ ಏಟು, ಮತ್ತು ತಂದೆ ಅಥವಾ ತಾಯಿಗಿರುವ ಮನೋರೋಗ. ಮೂರನೆಯದಾಗಿ, ತಮ್ಮ ಮಗುವಿಗೆ ಏನೋ ತೊಂದರೆಯಿದೆ ಎಂದು ಗುರುತಿಸಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಉಳಿದ ಮನೆಗಳಲ್ಲಿ ಅದು ಹಠವೆನಿಸಿಕೊಂಡಿತೋ, ಸೋಮಾರಿತನವೆನಿಸಿಕೊಂಡಿತೋ, ದೃಷ್ಟಿದೋಷವೆನಿಸಿಕೊಂಡಿತೋ, ಯಾರು ಬಲ್ಲರು!

ಹೊರೆಯ ಗಣಿತ

ಕುಟುಂಬದ ಕಷ್ಟಗಳು ಮಗುವಿನ ಮನಸ್ಸನ್ನು ಹೇಗೆ ತಾಗುತ್ತವೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಮೊದಲಾದ ಸಂಶೋಧನೆಯೊಂದು ಒಳ್ಳೆಯ ಉತ್ತರ ಕೊಟ್ಟಿತು. ಮೈಕೆಲ್ ರಟರ್ ಎಂಬ ಮನೋವೈದ್ಯರು ವೈಟ್ ದ್ವೀಪದ ಮಕ್ಕಳನ್ನೂ ಅನಂತರ ಲಂಡನ್ ನಗರದ ಒಳಭಾಗದ ಮಕ್ಕಳನ್ನೂ ಪರೀಕ್ಷಿಸಿ, ನಗರದ ಮಕ್ಕಳಲ್ಲಿ ತೊಂದರೆಯು ದ್ವೀಪದ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಇರುವುದನ್ನು ಕಂಡರು. ಈ ವ್ಯತ್ಯಾಸವೇತಕ್ಕೆಂದು ಶೋಧಿಸುತ್ತ ಆರು ಸಂಗತಿಗಳನ್ನು ಪಟ್ಟಿಮಾಡಿದರು: ತಂದೆತಾಯಿಗಳ ತೀವ್ರ ವೈಮನಸ್ಯ, ಕೆಳಮಟ್ಟದ ಸಾಮಾಜಿಕ ಸ್ಥಿತಿ, ಇಕ್ಕಟ್ಟಾದ ಮನೆ ಅಥವಾ ಬಹಳ ದೊಡ್ಡ ಸಂಸಾರ, ತಂದೆಯ ಅಪರಾಧಗಳು, ತಾಯಿಯ ಮನೋರೋಗ, ಮನೆಬಿಟ್ಟು ಪರರ ಆಶ್ರಯದಲ್ಲಿ ಬೆಳೆಯಬೇಕಾದ ಸ್ಥಿತಿ.

ಇವುಗಳಲ್ಲಿ ಯಾವುದಾದರೂ ಒಂದೇ ಒಂದು ಇದ್ದ ಮಕ್ಕಳು, ಯಾವುದೂ ಇಲ್ಲದ ಮಕ್ಕಳಂತೆಯೇ ಬಹುಮಟ್ಟಿಗೆ ಸ್ವಸ್ಥರಾಗಿದ್ದರು. ಎರಡು ಕೂಡಿದಾಗ ಅಪಾಯವು ನಾಲ್ಕು ಪಟ್ಟಿನಷ್ಟಾಯಿತು. ನಾಲ್ಕು ಕೂಡಿದಾಗ ಹತ್ತು ಪಟ್ಟಿನ ಹತ್ತಿರಕ್ಕೆ ಹೋಯಿತು. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಸಾವಿರಾರು ವಯಸ್ಕರ ಬಾಲ್ಯವನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಜಾಡಿನಲ್ಲಿದೆ. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಆಘಾತಗಳನ್ನು ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯವು ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು.

ಇದರ ತಾತ್ಪರ್ಯವು ಸ್ಪಷ್ಟ. ಮಗು ಒಂದು ಕಷ್ಟವನ್ನು ಹೊರಬಲ್ಲದು. ಬಡತನ ಒಂದೇ ಆದರೆ, ತಂದೆಯ ಅಗಲಿಕೆ ಒಂದೇ ಆದರೆ, ಅದು ತಾಳಿಕೊಳ್ಳುತ್ತದೆ. ಒಂದರ ಮೇಲೊಂದು ಹೇರಿದಾಗ ಕಷ್ಟಗಳು ಮೂಟೆಯ ಪಕ್ಕದ ಮೂಟೆಯಂತೆ ಕೂಡುತ್ತ ಹೋಗುವುದಿಲ್ಲ. ಒಂದನ್ನೊಂದು ಗುಣಿಸುತ್ತ ಹೋಗುತ್ತವೆ.

ನಾನು ವೈದ್ಯನಲ್ಲ, ಬಯಲುಸೀಮೆಯ ಊರುಗಳಲ್ಲಿ ಬಹುಕಾಲ ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದವನು. ಎಂಟನೆಯ ತರಗತಿಯ ಹುಡುಗನೊಬ್ಬನು ಮೊದಲ ಪಾಠಕ್ಕೇ ತೂಕಡಿಸುತ್ತಿದ್ದನು. ಸೋಮಾರಿಯೆಂದು ಅವನಿಗೆ ಹೆಸರಾಗಿತ್ತು. ವಿಚಾರಿಸಿದಾಗ ತಿಳಿದುಬಂದುದಿಷ್ಟು: ತಂದೆ ಕುಡಿದು ಬರುವುದು ಅಪರಾತ್ರಿಗೆ, ಬಂದರೆ ತಾಯಿಗೆ ಹೊಡೆತ. ತಂದೆ ನಿದ್ದೆಹೋಗುವ ತನಕ ಹುಡುಗನು ತಾಯಿಯ ಮಗ್ಗುಲಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಿದ್ದನು. ಹದಿಮೂರು ವರ್ಷದ ಆ ಹುಡುಗ ರಾತ್ರಿಯ ಪಹರೆಯ ಕೆಲಸ ಮುಗಿಸಿ ಬೆಳಿಗ್ಗೆ ಬೀಜಗಣಿತಕ್ಕೆ ಬರುತ್ತಿದ್ದನೆಂದರೆ ತಪ್ಪಾಗದು. ಎರಡು ಬೀದಿಯಾಚೆ ಇದ್ದ ಅಜ್ಜಿ ತಾಯಿಮಗ ಇಬ್ಬರನ್ನೂ ಕೆಲವು ತಿಂಗಳ ಕಾಲ ತನ್ನ ಮನೆಗೆ ಕರೆಸಿಕೊಂಡಳು. ಹುಡುಗನ ಕಷ್ಟವೆಲ್ಲ ಕಳೆಯಿತೆಂದು ನಾನು ಹೇಳಲಾರೆ. ಆ ಮನೆಯ ಸಾಲವೂ ತಂದೆಯ ಕುಡಿತವೂ ಹಾಗೆಯೇ ಇದ್ದುವು. ಆದರೆ ತೂಕಡಿಕೆ ನಿಂತಿತು. ತರಗತಿಯಲ್ಲಿ ಪ್ರಶ್ನೆ ಕೇಳಲಾರಂಭಿಸಿದನು.

ನಮ್ಮ ನಾಡಿನ ಹೊರೆಗಳು

ಈ ದೃಷ್ಟಿಯಿಂದ ನಮ್ಮ ನಾಡಿನ ಮನೆಗಳನ್ನು ನೋಡಿದರೆ ಎದೆ ನಡುಗಿಸುವ ಅಂಕಿಯೊಂದು ಎದುರಾಗುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ಣಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ದೇಶದ ರಾಜ್ಯಗಳಲ್ಲೆಲ್ಲ ಇದೇ ಅತ್ಯಧಿಕ. ಹಿಂದಿನ ಸಮೀಕ್ಷೆಯಲ್ಲಿ ಇದು 20.6ರಷ್ಟಿತ್ತು. ಈ ಅಂಕಿಯನ್ನು ನಾವು ಸ್ತ್ರೀಯರ ಪ್ರಶ್ನೆಯೆಂದು ಒಂದು ಕಡೆಗೂ, ಮಕ್ಕಳ ಮನಸ್ಸಿನ ಆರೋಗ್ಯವನ್ನು ಇನ್ನೊಂದು ಪ್ರಶ್ನೆಯೆಂದು ಮತ್ತೊಂದು ಕಡೆಗೂ ಇಟ್ಟು ಚರ್ಚಿಸುತ್ತೇವೆ. ಹೊಡೆತ ಬೀಳುವ ಆ ಮನೆಗಳಲ್ಲಿ ಮಕ್ಕಳಿರುವುದಿಲ್ಲವೆ? ಗೋಡೆಯ ಆಚೆ ಕಣ್ಣುಮುಚ್ಚಿ ಮಲಗಿರುವ ಮಗು ನಿಜವಾಗಿ ನಿದ್ರಿಸುತ್ತಿದೆಯೆಂದು ನಂಬುವವರು ದೊಡ್ಡವರು ಮಾತ್ರ.

ಕುಡಿತದ ವಿಚಾರವೂ ಹೀಗೆಯೇ. 2025–26ರ ಆಯವ್ಯಯದಲ್ಲಿ ರಾಜ್ಯವು ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ವರಮಾನವನ್ನು ನಿರೀಕ್ಷಿಸಿತು. ಪಾನನಿರೋಧವನ್ನು ಕುರಿತು ಇಲ್ಲಿ ವಾದಿಸುವುದು ನನ್ನ ಉದ್ದೇಶವಲ್ಲ. ಆ ವರಮಾನದ ಹಿಂದೆ ನಡೆಯುವ ಖರ್ಚಿನಲ್ಲಿ ಮಕ್ಕಳ ನಿದ್ದೆಯೂ ಸೇರಿದೆಯೆಂಬುದನ್ನು ಯಾವ ಆಯವ್ಯಯವೂ ತೋರಿಸುವುದಿಲ್ಲವೆಂದಷ್ಟೇ ಹೇಳುತ್ತೇನೆ.

ಕಲ್ಯಾಣ ಕರ್ಣಾಟಕದ ಹಳ್ಳಿಗಳಿಂದ, ತಾಂಡಾಗಳಿಂದ ಪ್ರತಿವರ್ಷವೂ ಸಹಸ್ರಾರು ಸಂಸಾರಗಳು ಕಬ್ಬು ಕಡಿಯುವುದಕ್ಕೆ, ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳನ್ನು ಕರೆದೊಯ್ದರೆ ಶಾಲೆ ತಪ್ಪಿತು. ಬಿಟ್ಟುಹೋದರೆ ತಂದೆತಾಯಿ ತಪ್ಪಿದರು. ನಗರದ ಮಧ್ಯಮ ವರ್ಗದ ಮನೆಯಲ್ಲಿ ಹೊರೆಯ ರೂಪ ಬೇರೆ. ಅಲ್ಲಿ ಮಗುವಿಗೆ ಅನ್ನವಿದೆ, ತನ್ನದೇ ಕೋಣೆಯಿದೆ. ಆದರೆ ಮಾತನಾಡಿಸುವವರ ಪ್ರಶ್ನೆ ಒಂದೇ: ‘ಎಷ್ಟು ಅಂಕ ಬಂತು?’ ಜಾತಿಯ ಕಾರಣದಿಂದ ಶಾಲೆಯಲ್ಲಿ ಬೇರೆ ಕುಳಿತುಕೊಳ್ಳಬೇಕಾದ ಮಗು, ಕಪ್ಪೆಂದೋ ಕುಳ್ಳೆಂದೋ ದಿನವೂ ಚುಚ್ಚುಮಾತು ಕೇಳುವ ಹುಡುಗಿ, ಓದಬೇಕಾದ ವಯಸ್ಸಿನಲ್ಲಿ ಮದುವೆಯ ಮಾತು ಕೇಳಿ ಬೆದರುವ ಬಾಲಿಕೆ, ಇವರ ಹೊರೆಗಳನ್ನು ಮನೆಯೊಂದೇ ಹೇರಿದ್ದಲ್ಲ. ಸಮಾಜವೇ ಮನೆಯ ಬಾಗಿಲಿಗೆ ತಂದು ಇಳಿಸಿದ್ದು.

ಹಿಂದಿನ ಅವಿಭಕ್ತ ಕುಟುಂಬ ಉಳಿದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎನ್ನುವ ಹಿರಿಯರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಅಲ್ಲಿ ತಂದೆ ಗದರಿದ ಮಗುವನ್ನು ಎತ್ತಿಕೊಳ್ಳಲು ಅಜ್ಜಿಯೋ ಚಿಕ್ಕಮ್ಮನೋ ಸೋದರತ್ತೆಯೋ ಇರುತ್ತಿದ್ದರು. ಆದರೆ ಅದೇ ತೊಟ್ಟಿಮನೆಯಲ್ಲಿ ಸೊಸೆಯ ಅಳು ಹಿತ್ತಿಲು ದಾಟದಂತೆ ನೋಡಿಕೊಳ್ಳುವವರೂ ಅಷ್ಟೇ ಮಂದಿ ಇರುತ್ತಿದ್ದರು. ನಾವು ಕಳೆದುಕೊಂಡದ್ದು ಆ ಮಡಿಲುಗಳನ್ನು. ಆ ಮಡಿಲುಗಳಿಗೆ ಬದಲು ಏನನ್ನು ಕಟ್ಟಿಕೊಂಡಿದ್ದೇವೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಆಪಾದಿತರ ವಿಚಾರಣೆ

ಈಗ ಆ ಮೂವರು ಆಪಾದಿತರತ್ತ ಬರೋಣ. ಮೊಬೈಲು ನಿರಪರಾಧಿಯೆಂದು ಸಾಧಿಸುವುದು ನನ್ನ ಇಷ್ಟವಲ್ಲ. ರಾತ್ರಿಯ ನಿದ್ದೆಯನ್ನು ಅದು ಕದಿಯುತ್ತದೆ. ಶಾಲೆಯ ಕೀಟಲೆಯನ್ನು ಮನೆಯ ಹಾಸಿಗೆಯ ತನಕ ತರುತ್ತದೆ. ಆಸ್ಟ್ರೇಲಿಯಾ ದೇಶವು ಹದಿನಾರು ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಮಾಡಿದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು; ಅದರ ಫಲವನ್ನು ಜಗತ್ತು ಕಾದು ನೋಡುತ್ತಿದೆ. ಆದರೆ ಮೊಬೈಲನ್ನು ಕಸಿದುಕೊಂಡ ಮರುಕ್ಷಣ ಆ ಬರಿಗೈಗೆ ನಾವು ಏನು ಕೊಡುತ್ತೇವೆ? ಆಟದ ಬಯಲನ್ನೇ? ನಮ್ಮ ಒಂದು ಗಂಟೆಯನ್ನೇ? ಕೊಡುವುದಕ್ಕೆ ಏನೂ ಇಲ್ಲದವರು ಕಸಿದುಕೊಂಡರೆ ಮಗುವಿಗೆ ಇನ್ನೊಂದು ಹೊರೆ ಹೆಚ್ಚಾಯಿತು, ಅಷ್ಟೆ.

ತಾಯಿಯ ಮೇಲಿನ ಆಪಾದನೆಗೆ ದೊಡ್ಡ ಇತಿಹಾಸವೇ ಇದೆ. ಆಟಿಸಂ ಎಂಬ ಬೆಳವಣಿಗೆಯ ಸ್ಥಿತಿಗೆ ಮಮತೆಯಿಲ್ಲದ ತಾಯಂದಿರೇ ಕಾರಣವೆಂದು ಕಳೆದ ಶತಮಾನದ ಮಧ್ಯಭಾಗದಲ್ಲಿ ಪಂಡಿತರು ಬರೆದರು; ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಆ ವಾದವನ್ನು ಗ್ರಂಥರೂಪಕ್ಕೆ ತಂದನು. ಅದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೆಂದೂ ತಾಯಿಯ ಪ್ರೀತಿಯ ಕೊರತೆಯಿಂದ ಬಂದುದಲ್ಲವೆಂದೂ ಮುಂದೆ ಸಿದ್ಧವಾಯಿತು. ಆ ನಡುವೆ ಅದೆಷ್ಟು ತಾಯಂದಿರು ಮಾಡದ ತಪ್ಪಿಗೆ ತಲೆತಗ್ಗಿಸಿದರೋ! ಆದುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು: ಮಕ್ಕಳ ಎಲ್ಲ ಮಾನಸಿಕ ತೊಂದರೆಗಳೂ ಮನೆಯಿಂದ ಹುಟ್ಟುವುದಿಲ್ಲ. ಹುಟ್ಟಿನಿಂದ ಬಂದವುಂಟು, ಅನುವಂಶಿಕವಾದವುಂಟು. ಅಂಥಲ್ಲಿಯೂ ಮನೆಯ ಹದವು ತೊಂದರೆಯನ್ನು ಹಗುರಗೊಳಿಸಬಲ್ಲದು ಇಲ್ಲವೆ ಭಾರಗೊಳಿಸಬಲ್ಲದು. ಹೊರೆಯನ್ನು ಎಣಿಸುವುದೆಂದರೆ ಅಪರಾಧಿಯನ್ನು ಹಿಡಿಯುವುದೆಂದಲ್ಲ. ಹಲವು ವೇಳೆ ಮಗುವಿಗೆ ಹೊರೆಯಾಗಿ ಕಾಣುವ ತಾಯಿಯೇ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತವಳಾಗಿರುತ್ತಾಳೆ.

ಮಗುವಿನ ಹಠದ ಮಾತಂತೂ ತೀರ ಸುಲಭ. ಮಗುವಿಗೆ ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳಲು ಬಾರದು. ಅದು ಹೊಟ್ಟೆನೋವೆನ್ನುತ್ತದೆ, ಶಾಲೆಗೆ ಹೋಗಲೊಲ್ಲೆನೆನ್ನುತ್ತದೆ, ತಮ್ಮನನ್ನು ಹೊಡೆಯುತ್ತದೆ, ಹತ್ತು ವರ್ಷಕ್ಕೆ ಮತ್ತೆ ಹಾಸಿಗೆ ಒದ್ದೆಮಾಡಿಕೊಳ್ಳುತ್ತದೆ. ಅದರ ಭಾಷೆ ಅದು. ಆ ಭಾಷೆಗೆ ಬೆತ್ತದಿಂದ ಉತ್ತರ ಕೊಡುವವರು ಹೊರೆಯ ಮೇಲೆ ಹೊರೆಯನ್ನೇ ಇಡುತ್ತಾರೆ.

ಒಂದನ್ನಾದರೂ ಇಳಿಸುವುದು

ಹೊರೆಗಳು ಗುಣಿಸುತ್ತವೆಂಬ ಗಣಿತದಲ್ಲಿ ಭೀತಿಯಷ್ಟೇ ಭರವಸೆಯೂ ಇದೆ. ಎಲ್ಲವನ್ನೂ ಇಳಿಸಲಾಗದಿದ್ದರೂ ಒಂದನ್ನು ಇಳಿಸಿದರೆ ಉಳಿದವುಗಳ ಭಾರವೂ ತಗ್ಗುತ್ತದೆ. ಅಮೆರಿಕದಲ್ಲಿ ಮೈರ್ನಾ ವೈಸ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ನಿದರ್ಶನ. ಖಿನ್ನತೆಗಾಗಿ ಔಷಧ ಪಡೆಯುತ್ತಿದ್ದ ತಾಯಂದಿರಲ್ಲಿ ಮೂರು ತಿಂಗಳೊಳಗೆ ಗುಣವಾದವರ ಮಕ್ಕಳ ತೊಂದರೆಗಳೂ ಕಡಿಮೆಯಾದುವು. ಗುಣವಾಗದವರ ಮಕ್ಕಳಲ್ಲಿ ಹೆಚ್ಚಾದುವು. ತಾಯಿಗೆ ಕೊಟ್ಟ ಮದ್ದು ಮಗುವಿಗೂ ಹತ್ತಿತೆಂದು ಹೇಳಬಹುದು. ಹಾಗಾದರೆ ತಂದೆಯ ಕುಡಿತ ಬಿಡಿಸುವುದೂ, ಹೊಡೆತದಿಂದ ತಾಯಿಯನ್ನು ರಕ್ಷಿಸುವುದೂ ಮಕ್ಕಳ ಮನೋವೈದ್ಯದ ಅಂಗಗಳೇ ಆಗಬೇಕಲ್ಲವೆ?

ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿ ಕವಾಯಿ ಎಂಬ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ಎಮ್ಮಿ ವರ್ನರ್ ಎಂಬ ವಿದುಷಿ ತನ್ನ ಸಂಗಡಿಗರೊಡನೆ ನಲವತ್ತು ವರ್ಷಗಳ ತನಕ ಹಿಂಬಾಲಿಸಿ ಅಭ್ಯಸಿಸಿದಳು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಮನೆಯ ಕಲಹ, ತಂದೆತಾಯಿಯ ಕುಡಿತ ಅಥವಾ ಮನೋರೋಗ ಮುಂತಾದ ಹಲವು ಹೊರೆಗಳ ನಡುವೆ ಹುಟ್ಟಿದವರು. ಆದರೂ ಅಂಥವರಲ್ಲಿ ಮೂರನೆಯ ಒಂದು ಪಾಲು ಸಮರ್ಥರೂ ಸಹೃದಯರೂ ಆದ ಪ್ರಜೆಗಳಾಗಿ ಬೆಳೆದರು. ಹಾಗೆ ಬೆಳೆದವರ ಬಾಲ್ಯದಲ್ಲಿ ಸಾಮಾನ್ಯವಾಗಿ ಕಂಡುಬಂದ ಅಂಶಗಳಲ್ಲಿ ಒಂದು ಬಹು ಸರಳವಾದದ್ದು: ಅವರನ್ನು ಬಿಡದೆ ನೋಡಿಕೊಂಡ, ಅವರ ಮೇಲೆ ನಂಬಿಕೆಯಿಟ್ಟ ಒಬ್ಬ ಹಿರಿಯ ವ್ಯಕ್ತಿ. ಅದು ತಂದೆತಾಯಿಯೇ ಆಗಬೇಕಾಗಿರಲಿಲ್ಲ. ಅಜ್ಜಿಯಾಗಬಹುದು, ಅಕ್ಕನಾಗಬಹುದು, ಉಪಾಧ್ಯಾಯನಾಗಬಹುದು, ನೆರೆಯವರಾಗಬಹುದು.

ವೈದ್ಯಸಹಾಯದ ವಿಷಯದಲ್ಲಿ ನಮ್ಮ ನಾಡು ಇತರರಿಗೆ ಮಾರ್ಗ ತೋರಿಸಿದ್ದುಂಟು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಎಳೆಯರ ಬಾಯಿಂದ ‘ನಾನು ಇರಬಾರದಿತ್ತು’ ಎಂಬಂಥ ಮಾತು ಒಂದು ಸಲ ಬಂದರೂ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಆ ದಿನವೇ ಸಹಾಯ ಕೇಳಬೇಕು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಆದರೆ ಆಸ್ಪತ್ರೆಗೆ ಬರುವ ಮಕ್ಕಳಿಗಿಂತ ಬಾರದೆ ಉಳಿಯುವ ಮಕ್ಕಳೇ ಹೆಚ್ಚು. ಅವರಿಗಾಗಿ ಉಪಾಧ್ಯಾಯರು, ಅಂಗನವಾಡಿಯ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮಗುವಿನ ಅಂಕಪಟ್ಟಿ, ತೂಕದ ಪಟ್ಟಿಗಳ ಜೊತೆಗೆ ಅದರ ಹೊರೆಗಳನ್ನೂ ಗಮನಿಸುವಂತಾಗಬೇಕು. ಅವರಿಗೆ ಅದರ ಶಿಕ್ಷಣವೂ, ಅದಕ್ಕೆ ಬಿಡುವೂ ದೊರೆಯಬೇಕು. ಜನಗಣತಿಯಿಂದ ಚುನಾವಣೆಯ ತನಕ ಎಲ್ಲ ಕೆಲಸವನ್ನೂ ಉಪಾಧ್ಯಾಯನ ತಲೆಗೆ ಕಟ್ಟಿ, ‘ನೀನು ಮಕ್ಕಳ ಮನಸ್ಸನ್ನು ಏಕೆ ಅರಿಯಲಿಲ್ಲ?’ ಎಂದು ಕೇಳುವುದು ನ್ಯಾಯವಲ್ಲ.

ಇನ್ನು ಸರಕಾರಕ್ಕಾಗಲಿ ಆಸ್ಪತ್ರೆಗಾಗಲಿ ಕಾಯದೆ ನಮ್ಮಿಂದ ಆಗುವ ಕೆಲಸವೊಂದಿದೆ. ನಮ್ಮ ಮನೆಯಲ್ಲಿಯೋ ಬೀದಿಯಲ್ಲಿಯೋ ಮಂಕಾಗಿರುವ, ಇಲ್ಲವೆ ವಿನಾಕಾರಣ ರೇಗುವ ಮಗುವೊಂದನ್ನು ಕಂಡಾಗ, ‘ಇದಕ್ಕೆ ಏನು ರೋಗ?’ ಎಂದು ಕೇಳುವುದನ್ನು ಸ್ವಲ್ಪ ತಡೆದು, ‘ಇದರ ಮೇಲೆ ಎಷ್ಟು ಹೊರೆಗಳಿವೆ?’ ಎಂದು ಎಣಿಸಿ ನೋಡೋಣ. ಎರಡಕ್ಕಿಂತ ಹೆಚ್ಚು ಕಂಡರೆ, ಯಾವುದನ್ನು ಇಳಿಸುವುದು ನಮ್ಮ ಕೈಲಿದೆಯೆಂದು ಯೋಚಿಸೋಣ. ಕೆಲವೊಮ್ಮೆ ಅದು ನೆರೆಮನೆಯ ಜಗಳದ ಹೊತ್ತಿಗೆ ಕದ ಮುಚ್ಚಿಕೊಳ್ಳದೆ ಹೋಗಿ ಬಾಗಿಲು ತಟ್ಟುವ ಕೆಲಸವಾಗಿರಬಹುದು. ಕೆಲವೊಮ್ಮೆ ಆ ಮಗುವನ್ನು ಸಂಜೆ ನಮ್ಮ ಜಗಲಿಯಲ್ಲಿ ಕುಳ್ಳಿರಿಸಿಕೊಂಡು, ಅಂಕಗಳ ಸುದ್ದಿಯೆತ್ತದೆ, ಅದು ಹೇಳುವ ಮಾತನ್ನು ಕೊನೆಯ ತನಕ ಕೇಳುವಷ್ಟೇ ಆಗಿರಬಹುದು.